ಮೊದಲ ಏಟು ಹಾಕದ ಈರಕ್ಕ

ಆಗ ನನಗೆ ಮೂವತ್ತೆರಡು ವರ್ಷ. ಇದು ನಡೆದು ಐವತ್ತು ವರ್ಷದ ಮೇಲಾಯಿತು. 1961ನೇ ಇಸವಿ. ಮಿಡಿಗೇಶಿಯಿಂದ ಎರಡು ಮೈಲಿ ಒಳಗಿರುವ ನಮ್ಮೂರಿನ ಗೌಡರ ಮನೆಯಲ್ಲಿ ಕೊಟ್ಟಣದ ಹೆಂಗಸರಿಗೆ ನಾನು ಮುಂದಾಳು. ಆಫೀಸಿನಲ್ಲಿ ಕೆಲಸ ಮಾಡಿದವರು ತಮ್ಮ ಕೆಲಸದ ಸಂಗತಿ ಬರೆಯುತ್ತಾರೆ. ನಾನು ಕುಟ್ಟಿದವಳು. ನನ್ನ ಕೆಲಸದಲ್ಲೂ ಬರೆಯುವಂಥ ಒಂದು ಸಂಗತಿ ಇದೆ. ಅದರಿಂದ ನನ್ನ ಮರ್ಯಾದೆ ಏನೂ ಹೆಚ್ಚುವುದಿಲ್ಲ.

ಕೊಟ್ಟಣ ಅಂದರೆ ಬೇರೆಯವರ ಭತ್ತ, ನವಣೆ, ಸಾಮೆ ಕುಟ್ಟಿ ಅಕ್ಕಿ ಮಾಡಿಕೊಡುವ ಕೂಲಿ. ಕೂಲಿ ಎಂದರೆ ನುಚ್ಚು, ತೌಡು, ಮಧ್ಯಾಹ್ನಕ್ಕೆ ಮುದ್ದೆ. ನೆಲದಲ್ಲಿ ಹೂತ ಕಲ್ಲಿನ ಒರಳು. ನಮ್ಮ ತಲೆ ಮುಟ್ಟುವಷ್ಟು ಉದ್ದದ ಒನಕೆ, ಅದರ ತಳಕ್ಕೆ ಕಬ್ಬಿಣದ ಬಳೆ. ಒಂದು ಒರಳಿಗೆ ಮೂವರು ನಿಲ್ಲುತ್ತಿದ್ದೆವು. ಒಬ್ಬಳ ಒನಕೆ ಒರಳೊಳಗೆ ಇದ್ದಾಗ ಇನ್ನೊಬ್ಬಳದು ಮೇಲೆ, ಮೂರನೆಯವಳದು ಇಳಿಯುವ ದಾರಿಯಲ್ಲಿ. ಒಂದು ಏಟು ಹಿಂದುಮುಂದಾದರೆ ಒನಕೆಗೆ ಒನಕೆ ಬಡಿದು ಬೆರಳು ಜಜ್ಜಿಹೋಗುತ್ತದೆ. ಹಾಗಾಗಿ ಏಟು ತಪ್ಪಿದವಳನ್ನು ಆಚೆಗೆ ಕಳಿಸುವುದು ಮುಂದಾಳಿನ ಕೆಲಸ. ನಾನು ಇಬ್ಬರನ್ನು ಕಳಿಸಿದ್ದೆ. ಅದರಲ್ಲಿ ಒಬ್ಬಳು ನನ್ನ ನಾದಿನಿ. ಸಾಯುವ ತನಕ ಅವಳು ನನ್ನ ಮನೆಯ ನೀರು ಮುಟ್ಟಲಿಲ್ಲ. ಮುಟ್ಟದಿದ್ದರೆ ಬೇಡ ಎಂದು ಬಿಟ್ಟೆ.

ಇನ್ನೊಂದು ಕಟ್ಟಳೆ ಇತ್ತು. ಮೊದಲ ಏಟು ಮೂವರಲ್ಲಿ ಹಿರಿಯಳದು. ಹೊಸದಾಗಿ ಸುರಿದ ಭತ್ತ ಗುಡ್ಡೆಯಾಗಿರುತ್ತದೆ, ಒನಕೆ ಜಾರುತ್ತದೆ, ಕಾಳು ಚೆಲ್ಲುತ್ತದೆ. ಮೊದಲ ಏಟಿಗೆ ಬಲವೂ ಬೇಕು, ಗುರಿಯೂ ಬೇಕು. ಆಮೇಲೆ ಏನೂ ಬೇಡ. ಹತ್ತು ಏಟು ಬಿದ್ದ ಮೇಲೆ ಕೈ ತಾನಾಗಿ ಏಳುತ್ತದೆ, ತಾನಾಗಿ ಬೀಳುತ್ತದೆ. ಊರವರ ಸೊಸೆಯಂದಿರನ್ನೆಲ್ಲ ಆಡಿಕೊಳ್ಳುತ್ತಾ ಒಂದು ಪಲ್ಲ ಭತ್ತ ಕುಟ್ಟಿ ಮುಗಿಸಿದ್ದೇವೆ. ಕೈಯನ್ನು ಯಾರು ನಡೆಸುತ್ತಿದ್ದಾರೆ ಎಂದು ಒಂದು ದಿನವೂ ಯೋಚಿಸಲಿಲ್ಲ.

ನಮ್ಮ ಒರಳಿನಲ್ಲಿ ಹಿರಿಯಳು ಈರಕ್ಕ. ಆಗ ಅವಳಿಗೆ ಐವತ್ತೈದರ ಆಸುಪಾಸು. ಹುಟ್ಟಿದ್ದು ಪಾವಗಡದ ಆಚೆ ತಿರುಮಣಿ ಕಡೆ. ಸಿಟ್ಟು ಬಂದರೆ ಕನ್ನಡ ಬಿಟ್ಟು ತೆಲುಗು ಹಿಡಿಯುತ್ತಿದ್ದಳು. ಗಂಡ ಸತ್ತಿದ್ದ. ಇದ್ದ ಒಬ್ಬ ಮಗ ಹೆಂಡತಿ ಎದುರು ಬಾಯಿ ಬಿಡದವನು. ಸೊಸೆ ಪುಟ್ಟತಾಯಿ. ನಾನು, ಈರಕ್ಕ, ಕೆಂಚಮ್ಮ ಹದಿನಾಲ್ಕು ವರ್ಷ ಒಂದೇ ಒರಳು. ಗೆಳತಿಯರಾಗಿದ್ದೆವು ಎಂದು ಹೇಳಲಾರೆ. ಏಟು ಹೊಂದುತ್ತಿತ್ತು, ಅಷ್ಟೆ.

ಆ ವರ್ಷ ಈರಕ್ಕ ಕೆಡತೊಡಗಿದಳು. ಸುಮ್ಮನೆ ಕೂತಾಗ ಎಡಗೈ ನಡುಗುತ್ತಿತ್ತು. ಹೆಬ್ಬೆಟ್ಟು ಬೆರಳಿನ ಮೇಲೆ ಉರುಳಿ, ದೀಪಕ್ಕೆ ಬತ್ತಿ ಹೊಸೆಯುವವಳ ಹಾಗೆ ಕಾಣುತ್ತಿತ್ತು. ಮುಖ ಸಾರಿಸಿದ ಗೋಡೆಯಾಯಿತು. ನಗು, ಕೋಪ ಯಾವುದೂ ಅದರ ಮೇಲೆ ಮೂಡುತ್ತಿರಲಿಲ್ಲ. ಹೆಜ್ಜೆ ಚಿಕ್ಕದಾಯಿತು. ಎಲ್ಲಕ್ಕಿಂತ ಕೆಟ್ಟದ್ದು ಹೊಸ್ತಿಲು. ಹೊಸ್ತಿಲ ಮುಂದೆ ಬಂದರೆ ಕಾಲು ನೆಲಕ್ಕೆ ಅಂಟಿದಂತೆ ನಿಂತುಬಿಡುತ್ತಿದ್ದಳು. ಹಿಂದಿನಿಂದ ಬರುವವರಿಗೆ ದಾರಿಯಿಲ್ಲ. ತೌಡಿನ ಮಂಕರಿ ತಲೆಯ ಮೇಲೆ ಹೊತ್ತು ನಾನು ಅವಳ ಬೆನ್ನ ಹಿಂದೆ ಎಷ್ಟು ಸಲ ನಿಂತು ಬೈದಿದ್ದೇನೋ.

ಮೊದಲ ಏಟೂ ನಿಂತಿತು. ಒನಕೆ ಎತ್ತಿ ಹಿಡಿದು ನಿಲ್ಲುತ್ತಿದ್ದಳು, ಇಳಿಸುತ್ತಿರಲಿಲ್ಲ. ಕಾದು ಕಾದು ನಾನೇ ಮೊದಲ ಏಟು ಹಾಕುತ್ತಿದ್ದೆ. ನನ್ನದು ಬಿದ್ದ ತಕ್ಷಣ ಅವಳದು ಬೀಳುತ್ತಿತ್ತು. ಆಮೇಲೆ ನಡುಕವಿಲ್ಲ, ತಡವರಿಕೆಯಿಲ್ಲ. ಬೆಳಗಿನಿಂದ ಮಧ್ಯಾಹ್ನದ ತನಕ ಒಂದು ಏಟು ತಪ್ಪುತ್ತಿರಲಿಲ್ಲ. ಇದನ್ನು ನೋಡಿ ನನಗೆ ಬಂದದ್ದು ಒಂದೇ ಯೋಚನೆ: ಕಷ್ಟದ ಏಟನ್ನು ನನ್ನ ತಲೆಗೆ ಕಟ್ಟಿ ಇವಳು ಸುಲಭದ್ದನ್ನು ಹೊಡೆಯುತ್ತಿದ್ದಾಳೆ.

ಒಂದು ದಿನ ಪುಟ್ಟತಾಯಿ ಕೊಟ್ಟಣದ ಚಪ್ಪರಕ್ಕೇ ಬಂದಳು. ಸೊಂಟಕ್ಕೆ ಕೈ ಕೊಟ್ಟು ನಮ್ಮ ಮುಂದೆ ನಿಂತಳು.

"ರಂಗಕ್ಕ, ನೀನೇ ಹೇಳು. ಮನೇಲಿ ಒಂದ್ ಚೊಂಬು ನೀರು ಎತ್ತಾಕಾಗಲ್ಲ ಅಂತಾಳೆ. ಹಾಲಿನ ಚೊಂಬು ಕೊಟ್ರೆ ಹೊಸ್ತಿಲ ಮ್ಯಾಲೆ ನಿಂತ್ಕಂಡು ಮೈಮೇಲೆ ಸುರ್ಕಂಬುಟ್ಲು. ಇಲ್ಲಿ ನೋಡುದ್ರೆ ಕುಟ್ತಾ ಅವ್ಳೆ! ಇದೇನು ರೋಗಾನಾ, ಆಟಾನಾ?"

"ನನ್ನೇನು ಕೇಳ್ತೀಯಾ, ನಿಮ್ಮತ್ತೆ ಕೇಳು" ಅಂದೆ.

ಈರಕ್ಕನ ದನಿ ಆಗಲೇ ಬಾವಿಯೊಳಗಿನಿಂದ ಬಂದಂತೆ ಕೇಳುತ್ತಿತ್ತು. "ಕಾಲು ನಂದಲ್ಲ ಕಣೆ. ಒನಕೆ ಸದ್ದು ಬಿದ್ರೆ ನಂದಾಗ್ತೈತೆ. ಸದ್ದು ನಿಂತ್ರೆ ಓಯ್ತದೆ."

ಕೆಂಚಮ್ಮ ಕಿಸಕ್ಕನೆ ನಕ್ಕಳು. "ಅಂಗಾದ್ರೆ ನಿನ್ ಸೊಸೆ ಒಂದ್ ತಮಟೆ ತಂದಿಟ್ಕಬೇಕು ಕಣಕ್ಕ. ನೀನು ಬಯಲ್ ಕಡೆ ಓಗೋವಾಗ ಹಿಂದ್ಲಿಂದ ಬಡ್ಕಂಡ್ ಬತ್ತಾಳೆ!"

ಎಲ್ಲರೂ ನಕ್ಕರು, ನಾನೂ ನಕ್ಕೆ. ಪುಟ್ಟತಾಯಿ ನಗಲಿಲ್ಲ. "ರಂಗಕ್ಕ, ಇವ್ಳ ಏಟು ತಪ್ಪೈತಾ ಇಲ್ವಾ, ಅಷ್ಟು ಹೇಳು."

"ಒಂದೂ ತಪ್ಪಿಲ್ಲ. ಕೈಯಲ್ಲಿ ನನಗಿಂತ ಶಕ್ತಿ ಐತೆ."

ನಾನು ಹೇಳಿದ್ದು ನಿಜ. ಆ ನಿಜ ಈರಕ್ಕನ ಮೈ ಸುಟ್ಟಿತು.

ನಮ್ಮ ಕಡೆ ಆಗ ವಾಯುವಿಗೆ, ನಡುಕಕ್ಕೆ, ಗಾಳಿ ಮೆಟ್ಟಿದ್ದಕ್ಕೆ ಎಲ್ಲಕ್ಕೂ ಬರೆ. ಕುಡುಗೋಲಿನ ಬೆನ್ನನ್ನು ಕೆಂಪಗೆ ಕಾಯಿಸಿ ಮೈಗೆ ಇಡುವುದು. ಅದಕ್ಕೆಂದೇ ಒಬ್ಬ ಮುದುಕ ಇದ್ದ. ಅವನ ಲೆಕ್ಕಾಚಾರ ಸರಳವಾಗಿತ್ತು. ಗಾಳಿಯಾಗಿದ್ದರೆ ಬಿಟ್ಟು ಓಡುತ್ತದೆ, ಆಟವಾಗಿದ್ದರೆ ಇವಳೇ ಎದ್ದು ಓಡುತ್ತಾಳೆ. ರೋಗವೂ ಇರಬಹುದು ಎನ್ನುವುದು ಅವನ ಲೆಕ್ಕದಲ್ಲಿ ಇರಲಿಲ್ಲ, ನಮ್ಮ ಯಾರ ಲೆಕ್ಕದಲ್ಲೂ ಇರಲಿಲ್ಲ. ಮಂಗಳವಾರ ಬೆಳಿಗ್ಗೆ ಅವರ ಹಟ್ಟಿಯ ಮುಂದೆ ಬೆಂಕಿ ಹಾಕಿದರು. ಮಗ ರಟ್ಟೆ ಹಿಡಿದ. ಕಾಲು ಹಿಡಿಯಲು ಗಟ್ಟಿ ಕೈ ಬೇಕು ಎಂದು ಪುಟ್ಟತಾಯಿ ನನ್ನನ್ನು ಕರೆದಳು. ಹೋದೆ. ಎರಡು ಕಾಲನ್ನೂ ಹಿಡಿದವಳು ನಾನೇ.

ಮೊದಲ ಬರೆ ಎಡ ಮೀನಖಂಡದ ಮೇಲೆ ಬಿತ್ತು. ಈರಕ್ಕ ಕಿರುಚಲಿಲ್ಲ. ಗಂಟಲಿನಿಂದ ಗೊರಗೊರ ಎಂಬ ಸದ್ದು ಬಂತು. ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ.

"ನೋಡ್ರಪ್ಪ, ನೋವೇ ಇಲ್ಲ ಇವಳಿಗೆ! ಒಳಗಿರೋದು ಮನುಷ್ಯ ಅಲ್ಲ!" ಎಂದ ಮುದುಕ ಇನ್ನೊಂದು ಕಾಲಿಗೂ ಇಟ್ಟ.

ಆಗ ನಾನು ನೋಡಿದೆ. ಆ ಅಲ್ಲಾಡದ ಮುಖದ ಮೇಲೆ ಎರಡು ಕಣ್ಣಿನಿಂದಲೂ ನೀರು ಇಳಿಯುತ್ತಿತ್ತು. ನೋಡಿದವಳು ನಾನೊಬ್ಬಳೇ, ಏಕೆಂದರೆ ಕಾಲ ಕಡೆಯಿಂದ ಮುಖಕ್ಕೆ ನೇರವಾಗಿದ್ದವಳು ನಾನು. ನೋಡಿದೆ ಎಂದು ಹೇಳಲಿಲ್ಲ. ಕೈ ಸಡಿಲಿಸಲೂ ಇಲ್ಲ.

ಬಲಗಾಲಿನ ಬರೆ ಒಣಗಿತು, ಎಡಗಾಲಿನದು ಕೀವಾಯಿತು. ಎಂಟು ದಿನಕ್ಕೆ ಮೊಣಕಾಲಿನ ತನಕ ಊದಿಕೊಂಡು ಜ್ವರ ಬಂತು. ಪುಟ್ಟತಾಯಿ ಅರಿಸಿನ ಮೆತ್ತಿ ಕೈ ತೊಳೆದುಕೊಂಡಳು. ಈ ಕಡೆ ಒರಳಿನಲ್ಲಿ ನಾನು, ಕೆಂಚಮ್ಮ ಇಬ್ಬರೇ. ಮೂವರ ಕೆಲಸ ಸಾಗುತ್ತಿರಲಿಲ್ಲ. ಮಧುಗಿರಿಯಲ್ಲಿ ಭತ್ತದ ಮಿಲ್ಲು ಓಡುತ್ತಿತ್ತು. ಗಾಡಿ ಕಟ್ಟಿಸಿ ಭತ್ತವನ್ನು ಅಲ್ಲಿಗೇ ಕಳಿಸುತ್ತೇನೆ ಎಂದು ಗೌಡರ ಹೆಂಡತಿ, ನಾವು ಗೌಡ್ತಮ್ಮ ಅನ್ನುತ್ತಿದ್ದವರು, ಎರಡು ಸಲ ಹೇಳಿದ್ದರು. ಹೊಸಬಳನ್ನು ಹಾಕಿಕೊಂಡು ಏಟು ಹೊಂದಿಸಲು ತಿಂಗಳುಗಟ್ಟಲೆ ಬೇಕು. ಅದಕ್ಕೇ ನಾನು ಈರಕ್ಕನನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟದ್ದು. ಕನಿಕರದಿಂದ ಹೊರಟೆ ಎಂದು ಬರೆದರೆ ಸುಳ್ಳಾಗುತ್ತದೆ.

ಮಿಡಿಗೇಶಿಯ ತನಕ ಗಾಡಿ, ಅಲ್ಲಿಂದ ಬಸ್ಸು. ಬಸ್ಸಿನ ಮೆಟ್ಟಿಲ ಮುಂದೆ ಈರಕ್ಕ ನಿಂತಳು ನೋಡಿ, ಗೂಟ ಹೊಡೆದ ಹಾಗೆ. ನೂಕಿದೆ, ಬೈದೆ. ಕಂಡಕ್ಟರ್ ಸಿರಾ ಕಡೆಯ ಸಾಬರವನು, ಬಿಸಿಲಿಗೆ ಬೆಂದಿದ್ದ.

"ಜಲ್ದಿ ಹತ್ತಮ್ಮ! ನಿಮ್ಮಜ್ಜಿಗೆ ಪಲ್ಲಕ್ಕಿ ತರಿಸ್ಲಾ? ಜಲ್ದಿ, ಜಲ್ದಿ, ಜಲ್ದಿ!" ಎನ್ನುತ್ತಾ ಬಸ್ಸಿನ ತಗಡಿಗೆ ಅಂಗೈಯಲ್ಲಿ ಧಬ್, ಧಬ್, ಧಬ್ ಎಂದು ಬಡಿದ.

ಮೂರನೆಯ ಬಡಿತಕ್ಕೆ ಈರಕ್ಕನ ಕಾಲು ಎದ್ದಿತು. ನಾಲ್ಕನೆಯದಕ್ಕೆ ಮೆಟ್ಟಿಲ ಮೇಲಿದ್ದಳು. ಕಂಡಕ್ಟರ್ ತನ್ನ ಬೈಗುಳಕ್ಕೆ ಹತ್ತಿದಳು ಎಂದುಕೊಂಡ. ನನಗೆ ಮಾತ್ರ ಅವಳ ಮಾತು ನೆನಪಾಯಿತು. 'ಸದ್ದು ಬಿದ್ರೆ ನಂದಾಗ್ತೈತೆ' ಎಂದು ಅವಳು ಹೇಳಿದ್ದಳು. ನಾವು ನಕ್ಕಿದ್ದೆವು.

ಮಧುಗಿರಿಯ ಆಸ್ಪತ್ರೆಯಲ್ಲಿ ಇದ್ದವರು ಎಳೆ ವಯಸ್ಸಿನ ಡಾಕ್ಟರು. ಗಾಯ ಬಿಚ್ಚಿ ನೋಡಿ ನನ್ನ ಕಡೆ ತಿರುಗಿದರು.

"ಯಾವನು ಹಾಕಿದ್ದು ಇದನ್ನ?"

"ಬರೆ ಹಾಕೋನು ಹಾಕ್ದ. ಕಾಲು ಹಿಡಿದಿದ್ದು ನಾನು."

"ಹೇಳೋಕೆ ನಾಚಿಕೆ ಇಲ್ವಾ?"

"ಐತೆ. ಅದಕ್ಕೇ ಹೇಳ್ದೆ."

ಆಮೇಲೆ ಅವರು ನನ್ನ ಜೊತೆ ಮಾತಾಡಲಿಲ್ಲ. ಇಂಜೆಕ್ಷನ್ ಕೊಟ್ಟು, ಕೀವು ತೆಗೆದು ಕಟ್ಟು ಕಟ್ಟಿಸಿದರು. ಹನ್ನೊಂದು ದಿನ ಅಲ್ಲೇ ಇದ್ದೆವು. ಜ್ವರ ಇಳಿದು ಈರಕ್ಕ ಎದ್ದು ಓಡಾಡತೊಡಗಿದಾಗ ಅವಳು ವಾರ್ಡಿನ ಬಾಗಿಲಲ್ಲಿ ಸಿಕ್ಕಿಕೊಂಡದ್ದನ್ನು ಡಾಕ್ಟರು ನೋಡಿದರು. ನಾನು ಬೈಯಲು ಬಾಯಿ ತೆಗೆದಿದ್ದೆ. ಸುಮ್ಮನಿರು ಎಂದು ಕೈ ಮಾಡಿ, ಮೂಲೆಯಲ್ಲಿದ್ದ ಕೊಡೆಯನ್ನು ತಂದು ಅವಳ ಪಾದದ ಮುಂದೆ ಅಡ್ಡಲಾಗಿ ಮಲಗಿಸಿದರು.

"ಇದನ್ನ ದಾಟಿ ಅಮ್ಮ."

ಈರಕ್ಕ ಕೊಡೆ ನೋಡಿದಳು. ಕಾಲೆತ್ತಿ ದಾಟಿದಳು, ಹುಡುಗಿಯ ಹಾಗೆ. ಬಾಗಿಲೂ ದಾಟಿಯಾಗಿತ್ತು.

"ಇದಕ್ಕೆ ಪಾರ್ಕಿನ್ಸನ್ ಅಂತಾರೆ" ಎಂದರು ಡಾಕ್ಟರು, ಆ ದಿನದ ಮೇಲೆ ಮೊದಲ ಸಲ ನನ್ನ ಮುಖ ನೋಡಿ. "ನರದ ರೋಗ. ನೀನು ಕೋಳಿ ಕುಯ್ದಿದ್ದೀಯಾ?"

"ಬೇಕಾದಷ್ಟು."

"ತಲೆ ಹೋದ ಮೇಲೂ ಓಡುತ್ತಲ್ಲ, ಓಡು ಅಂತ ಅದಕ್ಕೆ ಹೇಳಿದ್ದು ಯಾರು?"

ಅವರು ಬಿಡಿಸಿ ಹೇಳಿದರು. ಎಡ, ಬಲ, ಎಡ, ಬಲ ಎಂದು ಕಾಲಿಗೆ ತಾಳ ಹಾಕುವ ನರಗಳು ಬೆನ್ನುಹುರಿಯಲ್ಲಿ ಇವೆಯಂತೆ. ಅದಕ್ಕೇ ತಲೆಯಿಲ್ಲದ ಕೋಳಿಯೂ ನಾಲ್ಕು ಹೆಜ್ಜೆ ಓಡುತ್ತದೆ. ಶುರು ಮಾಡು, ಸಾಕು ಮಾಡು, ಮೈ ಬೀಳದಂತೆ ನೋಡಿಕೋ ಎನ್ನುವುದು ಮೇಲೆ ಮೆದುಳಿನ ಕೆಲಸ. ಈರಕ್ಕನಿಗೆ ಮೆದುಳಿನ ಬುಡದಲ್ಲಿ, ಶುರು ಮಾಡಿಸುವ ಜಾಗ ಸೊರಗಿದೆ. ಕಾಲಿನಲ್ಲಿ ಶಕ್ತಿ ಇದೆ, ತಾಳವೂ ಇದೆ, ಅಪ್ಪಣೆ ಹೊರಡುವುದಿಲ್ಲ. ಹೊರಗಿನಿಂದ ಒಂದು ಸದ್ದು ಬಿದ್ದರೆ, ಕಣ್ಣ ಮುಂದೆ ದಾಟಲು ಒಂದು ಗೆರೆ ಇದ್ದರೆ, ಆ ಅಪ್ಪಣೆ ಬೇರೆ ದಾರಿ ಹಿಡಿದು ಕಾಲು ಮುಟ್ಟುತ್ತದೆ.

ನನಗೆ ಚೆನ್ನಾಗಿಯೇ ಅರ್ಥವಾಯಿತು. ಕೊಟ್ಟಣದಲ್ಲಿ ಮೊದಲ ಏಟಿನ ಕಷ್ಟ ಗೊತ್ತಿದ್ದವಳು ನಾನು.

"ಮುಖ?" ಎಂದು ಕೇಳಿದೆ. "ಬರೆ ಇಟ್ಟಾಗ ಮುಖ ಅಲ್ಲಾಡ್ಲಿಲ್ಲ."

"ಮುಖದ ಮಾಂಸಕ್ಕೂ ಅದೇ ಅಪ್ಪಣೆ ಬೇಕಲ್ಲಮ್ಮ. ನೋವು ಅವಳಿಗೂ ನಿನ್ನಷ್ಟೇ ಆಗುತ್ತೆ. ತೋರಿಸೋಕೆ ಮುಖ ಮಾತು ಕೇಳಲ್ಲ."

ಈರಕ್ಕ ಪಕ್ಕದಲ್ಲೇ ನಿಂತು ಎಲ್ಲ ಕೇಳಿಸಿಕೊಂಡಳು. ನನ್ನ ಕಡೆ ತಿರುಗಲಿಲ್ಲ. ನಡುಕ ಕಡಿಮೆಯಾಗಲು ಡಾಕ್ಟರು ಮಾತ್ರೆ ಕೊಟ್ಟರು, ಬಾಯಿ ಒಣಗುತ್ತದೆ ಎಂದರು. ವಾಸಿಯಾಗುವುದಿಲ್ಲ, ನಿಧಾನವಾಗಿ ಹೆಚ್ಚುತ್ತದೆ ಎಂದೂ ಮುಚ್ಚುಮರೆ ಇಲ್ಲದೆ ಹೇಳಿದರು. ಕೆಲಸ ಬಿಡಿಸಬೇಡಿ, ಮೂಲೆಯಲ್ಲಿ ಕೂರಿಸಿದರೆ ಬೇಗ ಮರಗಟ್ಟಿಹೋಗುತ್ತಾಳೆ ಎಂದರು.

ಊರಿಗೆ ಬಂದ ದಿನ ಸಂಜೆ ಪುಟ್ಟತಾಯಿ ಬಾಗಿಲಲ್ಲೇ ನಿಂತಿದ್ದಳು. ಕೋಳಿ, ಬೆನ್ನುಹುರಿ, ಕೊಡೆ ಎಲ್ಲ ಹೇಳಿದೆ. ಕೇಳಿ ಮುಗಿಸಿ, "ಕೊಡೆ ಹಾಕುದ್ರೆ ನಡೀತಾಳಾ? ಸರಿ, ನಿನ್ನ ಮನೆಗೇ ಕರ್ಕಂಡು ಓಗಿ ಕೊಡೆ ಹಾಕು" ಎಂದಳು, ಆದರೂ ಅತ್ತೆಯನ್ನು ಒಳಗೆ ಬಿಟ್ಟುಕೊಂಡಳು.

ಅಲ್ಲಿಂದ ಗೌಡ್ತಮ್ಮನ ಬಳಿಗೆ ಹೋದೆ. ಅವರು ಮೊರದಿಂದ ತಲೆ ಎತ್ತಲಿಲ್ಲ. "ರಂಗಿ, ನಾಳೆ ಗಾಡಿ ಮಧುಗಿರಿಗೆ ಹೊರಡ್ತದೆ. ಬಿಸಿಲು ಚಪ್ಪರಕ್ಕೆ ಬರೋದ್ರೊಳಗೆ ಮೂವರೂ ಒರಳ ಹತ್ರ ಇದ್ರೆ ಭತ್ತ ಇಳಿಸ್ತೀನಿ. ಅವಳನ್ನ ಹೊತ್ಕಂಡು ಬರಂಗಿಲ್ಲ. ತನ್ನ ಕಾಲ ಮೇಲೆ ಬಂದ್ರೆ ಬರ್ಲಿ, ಇಲ್ದಿದ್ರೆ ಆ ಒರಳಿಗೆ ಇನ್ಮೇಲೆ ಕೆಲ್ಸ ಇಲ್ಲ."

ಈರಕ್ಕನಿಗೆ ಇದು ಏನು ಎಂದು ನನಗೆ ಗೊತ್ತಿತ್ತು. ಗೌಡರ ಮನೆಯ ಮುದ್ದೆ ನಿಂತರೆ ಅವಳು ಪುಟ್ಟತಾಯಿಯ ಕೈಯಿಂದ ತಿನ್ನಬೇಕು. ಪುಟ್ಟತಾಯಿಯ ಮೂಲೆಯಲ್ಲಿ ಕೂತು ಡಾಕ್ಟರು ಹೇಳಿದ ಹಾಗೆ ಮರಗಟ್ಟಬೇಕು. ಮತ್ತೊಂದು ಬರೆಗೂ ತಡವಾಗುತ್ತಿರಲಿಲ್ಲ.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಈರಕ್ಕ ಅದಾದ ಮೇಲೆ ಒಂದು ವರ್ಷ ಎಂಟು ತಿಂಗಳು ನಮ್ಮ ಒರಳಿನಲ್ಲಿ ಕುಟ್ಟಿದಳು. ಆಮೇಲೆ ನುಂಗುವುದು ಕಷ್ಟವಾಗಿ, ಒಂದು ಮಳೆಗಾಲ ಕಳೆಯುವುದರೊಳಗೆ ಸತ್ತಳು. ನನ್ನನ್ನು ಕ್ಷಮಿಸಲಿಲ್ಲ. ನಾನೂ ಕೇಳಲಿಲ್ಲ. ಬರೆ ಇಟ್ಟ ಕಾಲು ಅವಳದು, ಹಿಡಿದ ಕೈ ನನ್ನದು. ಕೇಳಿದರೆ ಸುಮ್ಮನೆ ಅವಳಿಗೆ ಇನ್ನೊಂದು ಕೆಲಸ. ನನ್ನ ಕಸುಬು ನನಗೆ ಕಲಿಸಿದ್ದು ಇಷ್ಟು: ಕೈ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದರೆ ಕೈಯವಳು ಚೆನ್ನಾಗಿದ್ದಾಳೆ ಎಂದು ತಿಳಿಯಬಾರದು. ಮೈ ಹೇಗಿದೆ ಎಂದು ಆ ಮೈಯಲ್ಲಿ ಇರುವವಳು ಹೇಳಿದಾಗ ನಗುವ ಮೊದಲು ಬಾಯಿ ಮುಚ್ಚಿಕೊಂಡು ಕೇಳಬೇಕು. ಆಮೇಲೆ ನಾನು ಇಪ್ಪತ್ತು ವರ್ಷ ಬೇರೆ ಬೇರೆ ಕೂಲಿ ಮಾಡಿಸಿದೆ. ಏಟು ತಪ್ಪಿದವಳನ್ನು ಬೈದಿದ್ದೇನೆ, ಆದರೆ ಏನಾಗುತ್ತಿದೆ ಎಂದು ಕೇಳದೆ ಯಾರನ್ನೂ ಕಳಿಸಿಲ್ಲ.

ಗೌಡ್ತಮ್ಮ ಗಡುವು ಕೊಟ್ಟ ಮಾರನೆಯ ಬೆಳಿಗ್ಗೆ ಹೊತ್ತು ಮೂಡುವಾಗ ನನ್ನ ಒನಕೆಯನ್ನು ಹೆಗಲ ಮೇಲೆ ಇಟ್ಟುಕೊಂಡು ಈರಕ್ಕನ ಮನೆಗೆ ಹೋದೆ. ಒನಕೆ ನಮಗೆ ಲಕ್ಷ್ಮಿ. ಪೂಜೆ ಮಾಡುವ ವಸ್ತು, ಯಾರೂ ದಾಟುವಂತಿಲ್ಲ. ಮಗು ತಿಳಿಯದೆ ದಾಟಿದರೂ ಅದರ ಕೈಯಲ್ಲಿ ಮುಟ್ಟಿಸಿ ಕಣ್ಣಿಗೆ ಒತ್ತಿಸುತ್ತಿದ್ದೆವು. ಈರಕ್ಕ ಹೊಸ್ತಿಲ ಒಳಗೆ ನಿಂತಿದ್ದಳು, ಕಾಲು ಅಂಟಿತ್ತು. ಅವಳ ಪಾದದ ಮುಂದೆ ಒನಕೆಯನ್ನು ಅಡ್ಡ ಮಲಗಿಸಿದೆ.

"ಅಯ್ಯೋ, ಮನೆಹಾಳಿ!" ಎಂದು ಪುಟ್ಟತಾಯಿ ಕಿರುಚಿದಳು. "ಒನಕೆ ದಾಟಿಸ್ತೀಯಾ? ಈ ಮನೆಗೆ ದರಿದ್ರ ಹೊಡೀಲಿ ಅಂತಾನಾ?"

"ಒನಕೆ ನಂದು. ದರಿದ್ರ ಬಂದ್ರೆ ನನ್ನ ಮನೆಗೆ ಬತ್ತದೆ. ನೀನು ಪಕ್ಕಕ್ಕೆ ನಿಲ್ಲು."

ಈರಕ್ಕ ಒನಕೆ ನೋಡಿದಳು, ನನ್ನನ್ನು ನೋಡಿದಳು. "ಒಸೇ, ಸಿಗ್ಗು ಲೇದಾ ನೀಕು? ನಾಚಿಕೆ ಇಲ್ವಾ? ಕಾಲು ಹಿಡಿದು ಸುಡಿಸ್ದೋಳು, ಈಗ ಕಾಲಿಗೆ ಲಕ್ಷ್ಮೀನ ಹಾಸ್ತೀಯಾ?"

"ಬೈಯೋದನ್ನ ದಾಟ್ಕಂಡು ಬೈಯಿ. ಬಿಸಿಲು ಏರ್ತಾ ಐತೆ."

ದಾಟಿದಳು. ಆಮೇಲೆ ಬೀದಿಯುದ್ದಕ್ಕೂ ನಾನು ಅವಳ ಹಿಂದೆ ಒನಕೆಯನ್ನು ನೆಲಕ್ಕೆ ಕುಟ್ಟುತ್ತಾ ನಡೆದೆ, ಏಟಿಗೊಂದು ಹೆಜ್ಜೆ. ಜಗಲಿಯ ಮೇಲಿನ ಗಂಡಸರು ಹುಚ್ಚು ಹಿಡಿಯಿತೆಂದು ನಕ್ಕರು. ಏಟಿನ ನಡುವೆ ಈರಕ್ಕ ತೆಲುಗಿನಲ್ಲಿ ನನ್ನ ಮೂರು ತಲೆಮಾರನ್ನು ಬೈಯುತ್ತಿದ್ದಳು. ಗೌಡರ ಹಿತ್ತಲ ಬಾಗಿಲಲ್ಲಿ ಮತ್ತೆ ನಿಂತಳು, ಮತ್ತೆ ಒನಕೆ ಮಲಗಿಸಿದೆ. ಗೌಡ್ತಮ್ಮ ಅಲ್ಲೇ ಇದ್ದರು. ಬಿಸಿಲು ಇನ್ನೂ ಚಪ್ಪರ ಮುಟ್ಟಿರಲಿಲ್ಲ. ಗಾಡಿಯಿಂದ ಒಂದು ಚೀಲ ಇಳಿಸಲು ಹೇಳಿದರು.

ಕೆಂಚಮ್ಮ ಒರಳಿಗೆ ಭತ್ತ ಸುರಿದಳು. ಈರಕ್ಕ ಹಿರಿಯಳ ಜಾಗದಲ್ಲಿ ನಿಂತು ಒನಕೆ ಎತ್ತಿದಳು. ಎತ್ತಿ ಹಾಗೇ ನಿಂತಳು. ನಾನು ಕಾಯದೆ ಮೊದಲ ಏಟು ಹಾಕಿದೆ. ಎರಡನೆಯದು ಅವಳದು, ಗುರಿ ತಪ್ಪಲಿಲ್ಲ.